ಮೇಷ್ಟ್ರಿಗೆ ತಲೆ ತಿರುಗಿದೆ

(ಹಿರಿಯ ನಾಗರಿಕರ ಸಂಘವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮೈಕಿನ ಮುಂದೆ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಇಟ್ಟಿದ್ದೇನೆ. ಉದಾಹರಣೆಗೆ ಬಂದವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಆಡಿಯಾಲಜಿಸ್ಟ್. ಈ ಊರಿನಲ್ಲಿ ಹೆಚ್ಚಿನವರಿಗೆ ‘ಕಿವಿ ಮಿಷಿನ್ ಮೇಡಂ’. ಕಿವಿ ಕೇಳದವರು ಬರುತ್ತಾರೆ, ಹೆಡ್‌ಫೋನ್ ಹಾಕಿ ಕೂರಿಸಿ ಪೀಂ ಪೀಂ ಸದ್ದು ಕೇಳಿಸಿ ಗ್ರಾಫ್ ಬರೆದು ಕೊಡುತ್ತೇನೆ. ಇವತ್ತು ಅದನ್ನು ಬಿಟ್ಟು ಬೇರೆ ವಿಷಯ. ಕಿವಿ ಚೆನ್ನಾಗಿ ಕೇಳುತ್ತಿದ್ದರೂ, ನಾಲಿಗೆ ಚೆನ್ನಾಗಿ ಹೊರಳುತ್ತಿದ್ದರೂ ನಾಲ್ಕು ಜನರ ಜೊತೆ ಮಾತುಕತೆ ಕೆಟ್ಟುಹೋದ ಕೆಲವರ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಒಬ್ಬ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಅವರ ಊರಿನ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಬೆಳಿಗ್ಗೆ ವಾಕಿಂಗ್ ಹೊರಟರೆ ಒಂದು ಕಿಲೋಮೀಟರಿಗೆ ಒಂದು ಗಂಟೆ. ದಾರಿಯುದ್ದಕ್ಕೂ ‘ನಮಸ್ಕಾರ ಸಾರ್’, ‘ಏನೋ, ಮಗಳ ಮದುವೆ ಎಲ್ಲಿಗೆ ಬಂತೋ’. ಇಂಥವರಿಗೆ ಒಂದು ಸಲ ಜೋರು ಸೋಂಕಾಗಿ ಆಸ್ಪತ್ರೆ ಸೇರಿದರು. ಎರಡು ವಾರ ಜೆಂಟಾಮೈಸಿನ್ ಇಂಜೆಕ್ಷನ್. ಜೀವ ಉಳಿಯಿತು, ಮನೆಗೆ ಬಂದರು, ತಿಂಗಳ ಮೇಲೆ ಮತ್ತೆ ವಾಕಿಂಗ್ ಶುರು ಮಾಡಿದರು. ಆದರೆ ಎದುರಿಗೆ ಬಂದವರು ಕೈಮುಗಿದರೂ ಮೇಷ್ಟ್ರು ನೆಟ್ಟಗೆ ನೋಡಿಕೊಂಡು ಹೋಗಿಬಿಡುತ್ತಾರೆ. ಪಕ್ಕದಿಂದ ಕರೆದರೆ ಕತ್ತು ತಿರುಗಿಸುವುದಿಲ್ಲ. ಹೋಟೆಲಿನಲ್ಲಿ ಬೈಟೂ ಕಾಫಿಯ ಜೊತೆ ಮಾತು ಹುಟ್ಟಿತು: ‘ಮಗ ಅಮೆರಿಕದಲ್ಲಿ ಮನೆ ತಗೊಂಡನಂತಲ್ಲ, ಮೇಷ್ಟ್ರಿಗೆ ತಲೆ ತಿರುಗಿದೆ.’

ನಮ್ಮ ಭಾಷೆಯ ಚಮತ್ಕಾರ ನೋಡಿ. ‘ತಲೆ ತಿರುಗುತ್ತಿದೆ’ ಅಂದರೆ ಕಾಯಿಲೆ, ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತೇವೆ. ‘ತಲೆ ತಿರುಗಿದೆ’ ಅಂದರೆ ಕೊಬ್ಬು. ಕ್ರಿಯಾಪದದ ಕಾಲ ಒಂದು ಬದಲಾದರೆ ಸಾಕು, ರೋಗಿ ಹೋಗಿ ಅಹಂಕಾರಿ ಆಗಿಬಿಡುತ್ತಾನೆ.

ಅವರ ಹೆಂಡತಿ ನನ್ನ ಹತ್ತಿರ ಕರಕೊಂಡು ಬಂದರು. ‘ಇವರಿಗೆ ಕಿವಿ ಮಂದ ಆಗಿದೆ ಅನ್ಸುತ್ತೆ ಮೇಡಂ, ರಸ್ತೇಲಿ ಯಾರು ಕರೆದ್ರೂ ಓಗೊಡಲ್ಲ.’ ಪರೀಕ್ಷೆ ಮಾಡಿದೆ. ಆ ವಯಸ್ಸಿಗೆ ಏನೂ ತೊಂದರೆ ಇಲ್ಲದ ಗ್ರಾಫ್. ಆಮೇಲೆ ಒಂದು ಪ್ರಶ್ನೆ ಕೇಳಿದೆ, ‘ಮೇಷ್ಟ್ರೇ, ನಡೀತಾ ನಡೀತಾ ಅಂಗಡಿ ಬೋರ್ಡು ಓದಕ್ಕಾಗುತ್ತಾ?’ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಿಂತ್ರೆ ಓದ್ತೀನಮ್ಮ. ನಡೆದ್ರೆ ಅಕ್ಷರ ಕುಣಿಯುತ್ತೆ. ಜನರ ಮುಖಾನೂ ಹಾಗೇ. ಯಾರೋ ಬರ್ತಿದಾರೆ ಅಂತ ಕಾಣುತ್ತೆ, ಯಾರು ಅಂತ ಗೊತ್ತಾಗೋ ಹೊತ್ತಿಗೆ ದಾಟಿ ಹೋಗಿರ್ತಾರೆ.’ ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂದೆ. ‘ಏನಂತ ಹೇಳ್ಲಿ? ಮುಖ ಕುಣಿಯುತ್ತೆ ಅಂದ್ರೆ ಅರಳುಮರಳು ಅಂತಾರೆ.’

ಈಗ ಒಂದು ಆಟ ಆಡೋಣ. ಕತ್ತು ನೋವಿರುವವರು ಬೇಡ, ಉಳಿದವರು ಕೈಯಲ್ಲಿರುವ ಕರಪತ್ರವನ್ನು ಕಣ್ಣಿನ ಮುಂದೆ ಹಿಡಿಯಿರಿ. ತಲೆ ಅಲ್ಲಾಡಬಾರದು. ಕಾಗದವನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಆಡಿಸಿ. ಓದಕ್ಕಾಗುತ್ತಾ? ಇಲ್ಲ. (ಹಿಂದಿನ ಸಾಲಿನಲ್ಲಿ ಒಬ್ಬರು ‘ಕನ್ನಡಕ ತಂದಿಲ್ಲ’ ಅಂದರು, ನಗು.) ಈಗ ಕಾಗದ ಅಲ್ಲೇ ಇರಲಿ. ಅಷ್ಟೇ ವೇಗದಲ್ಲಿ ‘ಬೇಡ ಬೇಡ’ ಅನ್ನುವ ಹಾಗೆ ತಲೆ ಆಡಿಸಿ. ಅಕ್ಷರ ನಿಂತಲ್ಲೇ ನಿಂತಿದೆ, ಅಲ್ಲವೇ? ಎರಡೂ ಸಲ ಅಲ್ಲಾಟ ಒಂದೇ. ಎರಡನೇ ಸಲ ನಿಮ್ಮನ್ನು ಕಾಪಾಡಿದ್ದು ನಿಮ್ಮ ಒಳಕಿವಿ.

ಒಳಕಿವಿಯಲ್ಲಿ ಎರಡು ಮನೆ, ಗೋಡೆ ಒಂದೇ. ಒಂದು ಬಸವನಹುಳುವಿನ ಆಕಾರದ್ದು, ಅದು ಕೇಳುವುದಕ್ಕೆ. ಅದಕ್ಕೆ ಅಂಟಿಕೊಂಡಂತೆ ಉಂಗುರದ ಹಾಗೆ ಬಾಗಿದ ಮೂರು ನಾಳ, ಎರಡು ಪುಟ್ಟ ಚೀಲ. ಅವು ಸಮತೋಲನಕ್ಕೆ. ತಲೆ ತಿರುಗಿದರೆ ನಾಳದೊಳಗಿನ ದ್ರವ ಸ್ವಲ್ಪ ಹಿಂದೆ ಬೀಳುತ್ತದೆ, ಅಲ್ಲಿರುವ ರೋಮಕೋಶಗಳು ಬಾಗುತ್ತವೆ, ಕಿವಿಯಿಂದ ಮಿದುಳಿಗೆ ಹೋಗುವ ಎಂಟನೇ ನರದಲ್ಲಿ ಸುದ್ದಿ ಹೋಗುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕಣ್ಣುಗಳು ತಲೆಗೆ ಎದುರು ದಿಕ್ಕಿಗೆ ಅಷ್ಟೇ ಸರಿಯುತ್ತವೆ. ಹಾಗಾಗಿ ನಾವು ನಡೆದರೂ, ಜಟಕಾ ಬಂಡಿಯಲ್ಲಿ ಕೂತರೂ ಎದುರಿಗಿರುವವರ ಮುಖ ನಿಂತಿರುತ್ತದೆ. ಮೇಷ್ಟ್ರಿಗೆ ಎರಡೂ ಕಡೆ ಈ ಏರ್ಪಾಡು ಹೋಗಿತ್ತು. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್ ಥರದ ಔಷಧಗಳು ಕೆಲವರಲ್ಲಿ ಆ ರೋಮಕೋಶಗಳನ್ನು ಕೊಲ್ಲುತ್ತವೆ. ಕೇಳುವ ಮನೆಯನ್ನು ಎಷ್ಟೋ ಸಲ ಹಾಗೇ ಬಿಟ್ಟು, ಸಮತೋಲನದ ಮನೆಯನ್ನು ಮಾತ್ರ ದೋಚುತ್ತವೆ. ಗ್ರಾಫ್ ಚೆನ್ನಾಗಿದೆ, ‘ಕಿವಿಗೇನೂ ಆಗಿಲ್ಲ’ ಅಂತ ಬರೆದು ಕಳಿಸುತ್ತಾರೆ. ರೋಗಿಯ ಮಾತನ್ನು ಮನೆಯವರೂ ನಂಬುವುದಿಲ್ಲ.

ಇದು ಹೊಸ ಕಥೆಯಲ್ಲ. ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ. ಕ್ಷಯಕ್ಕೆ ಕೆಲಸ ಮಾಡಿದ ಮೊದಲ ಆಂಟಿಬಯಾಟಿಕ್. ಅದರಿಂದ ಬದುಕಿ ಉಳಿದ ಒಬ್ಬ ವೈದ್ಯ 1952ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೀ ‘ಜೆ.ಸಿ.’ ಎಂದು ಸಹಿ ಹಾಕಿ ತನ್ನ ಸ್ಥಿತಿಯನ್ನು ಬರೆದುಕೊಂಡ. ಮಂಚದ ಮೇಲೆ ಓದಬೇಕಾದರೆ ತಲೆಯನ್ನು ಮಂಚದ ಎರಡು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಸಿಕೊಳ್ಳಬೇಕಾಗಿತ್ತಂತೆ. ಯಾಕೆಂದರೆ ನಾಡಿಯ ಬಡಿತಕ್ಕೇ ತಲೆ ಅಲುಗಿ ಪುಟದ ಅಕ್ಷರಗಳು ನೆಗೆಯುತ್ತಿದ್ದವು! ದಾರಿಯಲ್ಲಿ ಬೋರ್ಡು ಓದಬೇಕಾದರೆ ನಿಲ್ಲಲೇಬೇಕು. ಅದನ್ನು ಓದಿದ್ದು ನೆನಪಿದ್ದದ್ದರಿಂದಲೇ ಮೇಷ್ಟ್ರಿಗೆ ಆ ಪ್ರಶ್ನೆ ಕೇಳಿದ್ದು. ನಮ್ಮಲ್ಲೂ ಕ್ಷಯ ಮರುಕಳಿಸಿದವರಿಗೆ ಈ ಇಂಜೆಕ್ಷನ್ ಬಹಳ ವರ್ಷ ಕೊಟ್ಟಿದ್ದಾರೆ. ಹಳ್ಳಿ ಕಡೆ ‘ಟಿ.ಬಿ. ಸೂಜಿ ಹಾಕಿಸಿಕೊಂಡ ಮೇಲೆ ತೂರಾಡ್ತಾನೆ’ ಅನ್ನಿಸಿಕೊಂಡ ಎಷ್ಟೋ ಜನ ಹೆಂಡ ಮುಟ್ಟಿದವರಲ್ಲ.

ಹಾಗಂತ ಔಷಧವನ್ನು ಬೈಯಬೇಡಿ. ಜೀವ ಉಳಿಸಿದ್ದು ಅದೇ.

ಇನ್ನು ತಲೆ ಆಡಿಸುವ ವಿಷಯ. ಕನ್ನಡಿಗರು ಬಾಯಲ್ಲಿ ಅರ್ಧ ಮಾತಾಡುತ್ತೇವೆ, ಗೋಣಿನಲ್ಲಿ ಅರ್ಧ. ಒಪ್ಪಿಗೆಗೆ ಒಂದು ಥರ, ‘ನೋಡೋಣ’ಕ್ಕೆ ಒಂದು ಥರ, ‘ಅಯ್ಯೋ ಪಾಪ’ಕ್ಕೆ ಇನ್ನೊಂದು. ಸಂಗೀತ ಕಚೇರಿಯಲ್ಲಿ ತಲೆದೂಗದೆ ಕೂತರೆ ಪಕ್ಕದವರು ಇವನಿಗೆ ಸಂಗೀತ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಹೂಂಗುಟ್ಟದೆ, ಗೋಣು ಹಾಕದೆ ಕೇಳಿಸಿಕೊಂಡರೆ ಮಾತಾಡುವವರಿಗೆ ಗೋಡೆಗೆ ಹೇಳಿದ ಹಾಗೆ. ಈಗ ಯೋಚನೆ ಮಾಡಿ, ತಲೆ ಆಡಿಸಿದರೆ ಮನೆಯೇ ಗಿರ್ ಅಂತ ತಿರುಗುತ್ತದೆ ಅನ್ನುವ ಭಯ ಇರುವವರು ಏನು ಮಾಡುತ್ತಾರೆ? ಕತ್ತನ್ನು ಕಂಬದ ಹಾಗೆ ಹಿಡಿಯುತ್ತಾರೆ. ಪಕ್ಕದಲ್ಲಿರುವವರ ಜೊತೆ ಮಾತಾಡಬೇಕಾದರೆ ಕಣ್ಣು ಮಾತ್ರ ಹೊರಳಿಸುತ್ತಾರೆ, ಇಲ್ಲವೇ ಇಡೀ ಮೈ ತಿರುಗಿಸುತ್ತಾರೆ. ‘ಬಿಗುಮಾನ’ ಅನ್ನುವ ಪದ ಎಲ್ಲಿಂದ ಬಂತೋ, ಇವರನ್ನು ನೋಡಿದರೆ ಬಿಗಿದ ಕತ್ತಿನಿಂದಲೇ ಬಂದಿರಬೇಕು ಅನ್ನಿಸುತ್ತದೆ. (ವ್ಯಾಕರಣ ಬಲ್ಲವರು ಕ್ಷಮಿಸಬೇಕು.)

ನನ್ನ ಹತ್ತಿರ ಬಂದ ಒಬ್ಬರು ಗೃಹಿಣಿ. ಅಟ್ಟದ ಮೇಲಿಂದ ಉಪ್ಪಿನಕಾಯಿ ಜಾಡಿ ತೆಗೆಯಲು ತಲೆ ಎತ್ತಿದ್ದೇ ನೆಪ, ಅಡುಗೆಮನೆ ಒಂದು ಸುತ್ತು ಹೊಡೆಯಿತು. ಅರ್ಧ ನಿಮಿಷ ಅಷ್ಟೇ. ಆದರೆ ಆ ಅರ್ಧ ನಿಮಿಷದ ಹೆದರಿಕೆ ಎರಡು ತಿಂಗಳು ಉಳಿಯಿತು. ದಿಂಬು ಎತ್ತರಿಸಿ ಮಲಗುವುದು, ಬಗ್ಗದೆ ಇರುವುದು, ಕತ್ತು ಆಡಿಸದೆ ಇರುವುದು. ಸೊಸೆ ನೊಂದುಕೊಂಡಿದ್ದು ಯಾವುದಕ್ಕೆ ಗೊತ್ತೇ? ‘ಏನು ಹೇಳಿದರೂ ಅತ್ತೆ ಮುಖ ಕೊಟ್ಟು ಮಾತಾಡಲ್ಲ.’ ಇದು ಹರಳು ಜಾರಿದ ಕಾಯಿಲೆ, ಡಾಕ್ಟರು ಬಿಪಿಪಿವಿ ಅನ್ನುತ್ತಾರೆ. ಒಳಕಿವಿಯ ಚೀಲದಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿರುತ್ತವೆ, ಅವು ಕಳಚಿಕೊಂಡು ನಾಳಕ್ಕೆ ಬಿದ್ದರೆ ತಲೆಯ ಭಂಗಿ ಬದಲಾದಾಗೆಲ್ಲ ಸುಳ್ಳು ಸುದ್ದಿ ಹೋಗುತ್ತದೆ. ಮಾತ್ರೆಯಿಂದ ಹರಳು ವಾಪಸ್ ಹೋಗುವುದಿಲ್ಲ. ಜಾನ್ ಎಪ್ಲಿ ಎಂಬ ಅಮೆರಿಕದ ವೈದ್ಯ 1992ರಲ್ಲಿ ಪ್ರಕಟಿಸಿದ ಒಂದು ವಿಧಾನ ಇದೆ. ರೋಗಿಯನ್ನು ಮಲಗಿಸಿ, ತಲೆಯನ್ನು ಹಂತ ಹಂತವಾಗಿ ಹೊರಳಿಸಿ, ಹರಳನ್ನು ಉರುಳಿಸಿಕೊಂಡು ಮನೆಗೆ ಸೇರಿಸುವುದು. ಆ ಅತ್ತೆಗೆ ಎರಡು ಸಲ ಮಾಡಿದೆವು. ಮೂರನೇ ವಾರ ಬಂದಾಗ ಕೋಲೆಬಸವನ ಹಾಗೆ ತಲೆ ಆಡಿಸುತ್ತಾ ಸೊಸೆಯ ಮೇಲೆ ದೂರು ಹೇಳಿದರು. ವಾಸಿಯಾಗಿದೆ ಅಂತ ನನಗೆ ಗೊತ್ತಾಗಿದ್ದು ಹಾಗೆ.

ಮೂರನೆಯದು ನಡೆಯುತ್ತಾ ಮಾತಾಡುವುದು. ಚಿಕ್ಕವರಿಗೆ ಇದು ಎರಡು ಕೆಲಸ ಅಂತ ಅನ್ನಿಸುವುದೇ ಇಲ್ಲ. ಸಮತೋಲನ ತಾನಾಗಿ ಆಗುತ್ತಿರುತ್ತದೆ, ಬುದ್ಧಿ ಪೂರ್ತಿ ಮಾತಿಗೆ ಸಿಗುತ್ತದೆ. ಒಳಕಿವಿ ಕೈಕೊಟ್ಟವರಿಗೆ ಪ್ರತಿ ಹೆಜ್ಜೆಯೂ ಲೆಕ್ಕ. ಸ್ವೀಡನ್ನಿನ ಉಮಿಯೊ ಎಂಬಲ್ಲಿ ಮೂವರು ಸಂಶೋಧಕರು ವೃದ್ಧರ ವಸತಿಯ 58 ಜನರ ಜೊತೆ ನಡೆಯುತ್ತಾ ಸುಮ್ಮನೆ ಮಾತು ತೆಗೆದರು. 12 ಜನ ಉತ್ತರ ಹೇಳಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12 ಜನರಲ್ಲಿ 10 ಜನ ಬಿದ್ದರು. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿ ಅದು. ಯಾವ ಮಿಷಿನ್ನೂ ಇಲ್ಲದೆ ಮಾಡಿದ ಪರೀಕ್ಷೆ ಅಂತ ನನಗೆ ಅದು ಬಹಳ ಇಷ್ಟ. ನಿಮ್ಮ ತಂದೆಯವರೋ ತಾಯಿಯವರೋ ಮಾತು ಬಂದಾಗ ನಡಿಗೆ ನಿಲ್ಲಿಸಿದರೆ ‘ಬನ್ನಿ ಬನ್ನಿ, ನಡೀತಾ ಹೇಳಿ’ ಅಂತ ಎಳೆಯಬೇಡಿ. ಅವರು ನಿಂತು ಜಾಣತನ ಮಾಡುತ್ತಿದ್ದಾರೆ. ಮೆಟ್ಟಿಲಿಳಿಯುವವರನ್ನು ಮೇಲಿಂದ ಕೂಗಿ ‘ಚೀಲ ತಗೊಂಡ್ರಾ?’ ಅಂತ ಕೇಳುವ ಅಭ್ಯಾಸ ನಮ್ಮೆಲ್ಲರ ಮನೆಯಲ್ಲೂ ಇದೆ. ಅದನ್ನು ಮೊದಲು ಬಿಡಿ.

ಕೂತಿದ್ದರೂ ಇವರಿಗೆ ಸುಸ್ತು ತಪ್ಪಿದ್ದಲ್ಲ. ಮದುವೆಮನೆ ನೆನಪಿಸಿಕೊಳ್ಳಿ. ಓಡಾಡುವ ಜನ, ಮಿಣುಕುವ ಸೀರಿಯಲ್ ಸೆಟ್, ವಾಲಗದ ಅಬ್ಬರ. ಒಳಕಿವಿಯ ಸುದ್ದಿ ನಂಬುವ ಹಾಗಿಲ್ಲದಾಗ ಮಿದುಳು ಕಣ್ಣನ್ನೇ ನೆಚ್ಚಿಕೊಂಡಿರುತ್ತದೆ, ಆ ಕಣ್ಣಿಗೆ ಇಷ್ಟೊಂದು ಅಲ್ಲಾಟ. ಹತ್ತು ನಿಮಿಷಕ್ಕೆ ಹೇಳುತ್ತಿದ್ದ ಮಾತಿನ ಎಳೆ ತಪ್ಪುತ್ತದೆ, ಗೊತ್ತಿದ್ದ ಹೆಸರು ಬಾಯಿಗೆ ಬರುವುದಿಲ್ಲ. ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಬೀಗರು ಬೇಜಾರು ಮಾಡಿಕೊಳ್ಳುತ್ತಾರೆ. ಮೈಗ್ರೇನಿನ ಜೊತೆ ತಲೆಸುತ್ತು ಇರುವವರಿಗೆ ಬೆಳಕು ಸದ್ದು ಎರಡೂ ಚುಚ್ಚುವುದರಿಂದ ಇನ್ನೂ ಕಷ್ಟ.

ಯಕ್ಷಗಾನ ನೋಡುವವರು ಕೇಳಬಹುದು, ತೆಂಕುತಿಟ್ಟಿನ ವೇಷಧಾರಿ ಸಾಲು ಸಾಲು ದಿಗಿಣ (ಗಿರ್ರನೆ ಸುತ್ತಿ ನೆಗೆಯುವ ಕುಣಿತ) ಹಾಕಿ ಮರುಕ್ಷಣ ಅರ್ಥ ಹೇಳುತ್ತಾರಲ್ಲ, ಅವರಿಗೇನು ಆಗುವುದಿಲ್ಲವೇ ಅಂತ. ಒಳಕಿವಿಯ ದ್ರವ ಅವರದ್ದೂ ನಮ್ಮದರಂತೆಯೇ ಸುತ್ತುತ್ತದೆ. ವರ್ಷಗಟ್ಟಲೆ ಅಭ್ಯಾಸದಿಂದ ಮಿದುಳು ಆ ಸುದ್ದಿಗೆ ಕಿವಿಗೊಡದಿರಲು ಕಲಿಯುತ್ತದೆ. ಈ ಕಲಿಕೆಯ ಗುಣವೇ ನಮ್ಮ ಚಿಕಿತ್ಸೆಗೂ ಬಂಡವಾಳ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು ತಲೆಸುತ್ತಿನವರಿಗೆ ಮಲಗಿರಿ ಅನ್ನುವ ಬದಲು ತಲೆ ಆಡಿಸಿ, ಚೆಂಡು ಎಸೆಯಿರಿ, ನಡೆಯಿರಿ ಅಂದರು. ಇವತ್ತಿಗೂ ಅದೇ ದಾರಿ. ಮೇಷ್ಟ್ರಿಗೆ ನಾನು ಕೊಟ್ಟದ್ದು ಒಂದು ಹಳೇ ಲಗ್ನಪತ್ರಿಕೆ. ಗೋಡೆಗೆ ಅಂಟಿಸಿ, ವಧುವಿನ ಹೆಸರಿನ ಮೇಲೆ ಕಣ್ಣಿಟ್ಟು, ಅಕ್ಷರ ಕಲಸಿಹೋಗದಷ್ಟು ವೇಗದಲ್ಲಿ ತಲೆ ಆಡಿಸಬೇಕು, ದಿನಕ್ಕೆ ಮೂರು ನಾಲ್ಕು ಸಲ. ಎರಡೂ ಕಿವಿ ಪೂರ್ತಿ ಹೋದವರಿಗೆ ಹಳೆಯದು ಪೂರ್ತಿ ವಾಪಸ್ ಬರುವುದಿಲ್ಲ. ಕಣ್ಣು ಬೇರೆ ಉಪಾಯ ಕಲಿಯುತ್ತದೆ, ಅಷ್ಟೇ.

ಕೇಳುವ ಮನೆ, ಸಮತೋಲನದ ಮನೆ ಎರಡಕ್ಕೂ ಗೋಡೆ ಒಂದೇ ಅಂದೆನಲ್ಲ. ಬೆಂಕಿ ಬಿದ್ದರೆ ಎರಡಕ್ಕೂ ಬೀಳಬಹುದು. ಮೆನಿಯರ್ ಕಾಯಿಲೆ ಹಾಗೆ. ಪ್ರಾಸ್ಪರ್ ಮೆನಿಯರ್ ಪ್ಯಾರಿಸ್ಸಿನ ಕಿವುಡು ಮಕ್ಕಳ ಸಂಸ್ಥೆಯ ವೈದ್ಯ. ಇಂಥ ತಲೆಸುತ್ತನ್ನು ಮಿದುಳಿಗೆ ರಕ್ತ ಏರಿದ್ದು ಅಂತ ನಂಬಿದ್ದ ಕಾಲದಲ್ಲಿ, 1861ರಲ್ಲಿ, ಇದರ ಬೇರು ಒಳಕಿವಿಯಲ್ಲಿದೆ ಎಂದವನು. ತಲೆಸುತ್ತು ಇಪ್ಪತ್ತು ನಿಮಿಷದಿಂದ ಕೆಲವು ಗಂಟೆ. ಜೊತೆಗೆ ಕಿವಿ ತುಂಬಿದ ಹಾಗೆ, ಗುಂಯ್ ಅನ್ನುವ ಸದ್ದು, ಕೇಳುವಿಕೆ ಒಂದು ದಿನ ಕಡಿಮೆ ಒಂದು ದಿನ ಪರವಾಗಿಲ್ಲ. ಮಾತುಕತೆಗೆ ಪೆಟ್ಟು ಕೊಡುವುದು ಈ ಏರಿಳಿತ. ‘ನಿನ್ನೆ ಪಿಸುಗುಟ್ಟಿದ್ದೂ ಕೇಳಿಸ್ತು, ಇವತ್ತು ಕೂಗಿದ್ರೂ ಇಲ್ಲ. ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ.’ ಈ ಮಾತನ್ನು ನಾನು ಎಷ್ಟು ಹೆಂಡತಿಯರ, ಎಷ್ಟು ಗಂಡಂದಿರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಇದರ ತಲೆಕೆಳಗು ಇನ್ನೊಂದಿದೆ, ಅಪರೂಪದ್ದು. ಒಳಕಿವಿಯ ಮೇಲಿನ ನಾಳದ ಮೂಳೆ ತೂತು ಬಿದ್ದಿರುತ್ತದೆ. ಬಾಲ್ಟಿಮೋರಿನ ಲಾಯ್ಡ್ ಮೈನರ್ 1998ರಲ್ಲಿ ಇದನ್ನು ಗುರುತಿಸಿದರು. ಇವರಿಗೆ ಜೋರು ಸದ್ದಿಗೇ ತಲೆ ಸುತ್ತುತ್ತದೆ. ತಮ್ಮ ದನಿ ತಮ್ಮ ತಲೆಯೊಳಗೇ ಕೊಡದಲ್ಲಿ ಕೂಗಿದ ಹಾಗೆ ಮೊಳಗುತ್ತದೆ. ಕೆಲವರಿಗೆ ಕಣ್ಣುಗುಡ್ಡೆ ಹೊರಳುವ ಸದ್ದೂ ಕೇಳಿಸುತ್ತದೆ. ಹಾಗಾಗಿ ಮಾತೇ ಕಡಿಮೆ ಮಾಡುತ್ತಾರೆ, ಆಡಿದರೂ ಗುಟ್ಟು ಹೇಳಿದ ಹಾಗೆ.

ಮಾತ್ರೆಯ ಬಗ್ಗೆ ಒಂದು ಮಾತು, ಯಾಕೆಂದರೆ ಈ ಸಭೆಯಲ್ಲೇ ಕೆಲವರ ಜೇಬಿನಲ್ಲಿದೆ ಅನ್ನುವುದು ನನಗೆ ಗೊತ್ತು. ತಲೆಸುತ್ತು ಜೋರಿರುವ ಎರಡು ಮೂರು ದಿನಕ್ಕೆ ಅಂತ ಬರೆದ ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಮಾತ್ರೆಗಳನ್ನು ಜನ ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳುತ್ತಾರೆ. ಮೊದಲನೆಯ ತೊಂದರೆ, ಮಿದುಳು ಕಲಿಯಬೇಕಾದ್ದನ್ನು ಅವು ಕಲಿಯಗೊಡುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ದೀರ್ಘಕಾಲ ತಗೊಂಡ ಕೆಲವು ಹಿರಿಯರಲ್ಲಿ ಪಾರ್ಕಿನ್ಸನ್ ಥರದ ಲಕ್ಷಣ ಬರುತ್ತದೆ. ಮುಖದಲ್ಲಿ ಭಾವನೆ ಕಾಣುವುದಿಲ್ಲ, ದನಿ ಸಣ್ಣದಾಗುತ್ತದೆ, ಮಾತು ನಿಧಾನ, ಕೈ ನಡುಕ. ಮೊಮ್ಮಗ ಬಂದರೂ ಅಜ್ಜನ ಮುಖ ಅರಳುವುದಿಲ್ಲ. ಹಾಗಂತ ಇವತ್ತೇ ಮಾತ್ರೆ ಬಿಸಾಡಬೇಡಿ, ಚೀಟಿ ಹಿಡಿದು ಡಾಕ್ಟರನ್ನು ಕೇಳಿ.

ಡಾಕ್ಟರ ಹತ್ತಿರ ಹೇಗೆ ಹೇಳುವುದು? ಇದೂ ಮಾತಿನ ಸಮಸ್ಯೆಯೇ. ತಲೆಸುತ್ತು, ಬವಳಿ, ಕಣ್ಣುಕತ್ತಲೆ, ಜೋಲಿ, ತೇಲಿದ ಹಾಗೆ, ಪಿತ್ತ ಕೆದರಿದ ಹಾಗೆ, ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಆದರೆ ಒಬ್ಬರ ಜೋಲಿ ಇನ್ನೊಬ್ಬರ ಬವಳಿ. ಬೆಳಿಗ್ಗೆ ‘ಸುತ್ತು’ ಅಂದವರು ಸಂಜೆ ‘ತೇಲಾಟ’ ಅನ್ನುತ್ತಾರೆ. ಆದ್ದರಿಂದ ಹೇಗಿರುತ್ತದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಜೊತೆಗೆ ಕಿವಿಯಲ್ಲಿ ಏನಾಗುತ್ತದೆ, ಯಾವ ಮಾತ್ರೆ ಇಂಜೆಕ್ಷನ್ ಆಗಿದೆ, ಇಷ್ಟು ಬರೆದುಕೊಂಡು ಹೋಗಿ. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಹಾಕಿ ತೊಳೆಯುವಾಗ ಅವರು ತಲೆ ಸುತ್ತುತ್ತದೆ ಅಂತ ಗೊಣಗುತ್ತಿದ್ದರು. ನೀರು ತಣ್ಣಗಿದ್ದರೆ ಕಣ್ಣು ಒಂದು ದಿಕ್ಕಿಗೆ ಜಗ್ಗುತ್ತದೆ, ಬಿಸಿ ಇದ್ದರೆ ಇನ್ನೊಂದಕ್ಕೆ ಅನ್ನುವುದನ್ನು ಆ ಗೊಣಗಾಟದಿಂದಲೇ ಹಿಡಿದು, 1914ರ ನೊಬೆಲ್ ಪಡೆದರು. ಸುದ್ದಿ ಬಂದಾಗ ಅವರು ರಷ್ಯನ್ನರ ಯುದ್ಧಕೈದಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಳಕಿವಿಯ ಸಮತೋಲನಕ್ಕೇ ಬೇರೆ ಪರೀಕ್ಷೆಗಳಿವೆ. ಬರೀ ಕೇಳುವ ಗ್ರಾಫ್ ನೋಡಿ ಸಮಾಧಾನ ಪಡಬೇಡಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಒಳಕಿವಿ ಕೆಟ್ಟರೆ ಮಾತು ಕಡಿಮೆಯಾಗಬಹುದು, ನಿಧಾನವಾಗಬಹುದು, ತಪ್ಪಬಹುದು. ಆದರೆ ನಾಲಿಗೆ ತೊದಲುವುದಿಲ್ಲ. ತಲೆಸುತ್ತಿನ ಜೊತೆ ಇದ್ದಕ್ಕಿದ್ದ ಹಾಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ನನ್ನ ಹತ್ತಿರ ಬರಬೇಡಿ, ಪಿತ್ತ ಅಂತ ಜೀರಿಗೆ ನೀರು ಕುಡಿಸುತ್ತಾ ಕೂರಬೇಡಿ. ಅದು ಮಿದುಳಿನ ಸ್ಟ್ರೋಕ್ ಇರಬಹುದು. ದೊಡ್ಡಾಸ್ಪತ್ರೆಗೆ, ತಕ್ಷಣ.

ಮಕ್ಕಳ ಬಗ್ಗೆ ಇವತ್ತು ಹೆಚ್ಚು ಹೇಳಲು ಹೊತ್ತಿಲ್ಲ. ಹುಟ್ಟು ಕಿವುಡಿರುವ ಮಗುವಿಗೆ ಕತ್ತು ನಿಲ್ಲುವುದು ತಡ, ನಡೆಯುವುದು ಒಂದೂವರೆ ವರ್ಷ ಕಳೆದ ಮೇಲೆ, ಅಂತಾದರೆ ಒಳಕಿವಿಯ ಎರಡನೇ ಮನೆಯನ್ನೂ ನೋಡಿಸಿ, ಕಣ್ಣನ್ನೂ ತೋರಿಸಿ. ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯ ಒಂದು ಬಗೆಯಲ್ಲಿ ಕಿವುಡು, ಸಮತೋಲನ ಇಲ್ಲದಿರುವುದು, ಆಮೇಲೆ ಇರುಳುಗುರುಡು ಮೂರೂ ಬರುತ್ತವೆ. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥವುಗಳ ಸಾಧ್ಯತೆ ಹೆಚ್ಚು. ತುಟಿ ನೋಡಿ, ಕೈಸನ್ನೆ ನೋಡಿ ಮಾತು ತಿಳಿಯುವ ಮಗು ಅದು. ಕರೆಂಟ್ ಹೋದ ಮನೆಯಲ್ಲಿ ಅದಕ್ಕೆ ಮಾತೇ ಇಲ್ಲ.

ಮೇಷ್ಟ್ರು ಏನಾದರು ಅಂತ ಕೇಳುತ್ತೀರಿ. ಹೋಟೆಲಿನ ಮಾಲೀಕರೂ ಅವರ ಶಿಷ್ಯರೇ. ಮೇಷ್ಟ್ರ ಹೆಂಡತಿ ಅವರಿಗೆ ವಿಷಯ ಹೇಳಿದರು, ಉಳಿದದ್ದನ್ನು ಕಾಫಿ ನೋಡಿಕೊಂಡಿತು. ಈಗ ಎದುರಿಗೆ ಬಂದವರು ಮೂರು ಮಾರು ದೂರದಲ್ಲೇ ಹೆಸರು ಹೇಳುತ್ತಾರೆ. ಮೇಷ್ಟ್ರು ನಿಂತು, ಯಾವುದಾದರೂ ಕಾಂಪೌಂಡಿಗೆ ಕೈ ಕೊಟ್ಟು, ಮುಖ ನಿಲ್ಲುವ ತನಕ ಕಾದು, ‘ಲೆಕ್ಕದಲ್ಲಿ ಎಷ್ಟೋ ಬಂದಿತ್ತು ನಿಂಗೆ?’ ಅನ್ನುತ್ತಾರಂತೆ. ಕೆಲವರು ಈಗ ಬೇರೆ ರಸ್ತೆ ಹಿಡಿಯುತ್ತಿದ್ದಾರೆ ಅಂತಲೂ ಕೇಳಿದೆ.

(ಕೊನೆಯಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳಿದರು: ‘ದೇವಸ್ಥಾನದಲ್ಲಿ ಆತ್ಮಪ್ರದಕ್ಷಿಣೆ ಹಾಕ್ಬೋದಾ ಮೇಡಂ?’)

ಹಾಕಿ ಸಾರ್. ನಿಧಾನಕ್ಕೆ, ಕಣ್ಣು ಮುಚ್ಚದೆ, ಕಂಬದ ಪಕ್ಕದಲ್ಲಿ ನಿಂತು. ಮೂರು ಸುತ್ತು ಕಷ್ಟವಾದರೆ ಒಂದೇ ಹಾಕಿ, ದೇವರು ಲೆಕ್ಕದ ಮೇಷ್ಟ್ರಲ್ಲ. ಆದರೆ ಸುತ್ತುತ್ತಿರುವಾಗಲೇ ಅರ್ಚಕರು ಗೋತ್ರ, ನಕ್ಷತ್ರ ಕೇಳಿದರೆ ಉತ್ತರ ಕೊಡಲು ಹೋಗಬೇಡಿ. ನಿಲ್ಲಿ, ಕಂಬ ಹಿಡಿದುಕೊಳ್ಳಿ, ಗರ್ಭಗುಡಿಯ ದೀಪ ಒಂದೇ ಕಡೆ ನಿಂತಿತು ಅನ್ನಿಸಿದ ಮೇಲೆ ಹೇಳಿ.